ಎಲ್ಲೂ ತಾಗದ ಕೋಣೆ

ಸೀಟಿನಡಿಯಿಂದ ಬರುವ ನಡುಕ ಸೊಂಟದವರೆಗೆ ಏರಿ ಅಲ್ಲಿಂದ ಬೆನ್ನಿಗೆ ಹತ್ತುತ್ತಿದೆ, ಇದು ಇಂಜಿನ್ನಿನದೋ ತನ್ನದೋ ಧನರಾಜನಿಗೆ ಗೊತ್ತಾಗುತ್ತಿಲ್ಲ, ಮುಳ್ಳು ನೂರ ನಲವತ್ತರ ಹತ್ತಿರ ನಿಂತಿದೆ, ಚಕ್ರಗಳು ದಮ್ಮು ಕಟ್ಟಿಕೊಂಡು ಓಡುತ್ತಿವೆ, ಎದುರಿನ ಬೂದು ಗೋಡೆ ಮಾತ್ರ ಇದ್ದಲ್ಲೇ ಇದೆ — ಡೈನೋ ಎಂದರೆ ಇಷ್ಟೇ ತಾನೆ, ಕಾರಿನ ಚಕ್ರಗಳನ್ನು ಉಕ್ಕಿನ ಉರುಳೆಗಳ ಮೇಲೆ ನಿಲ್ಲಿಸಿ, ನಾಲ್ಕೂ ಕಡೆ ಬೆಲ್ಟ್ ಬಿಗಿದು, ಈಗ ಓಡು ಎನ್ನುವುದು, ಓಡಿದಷ್ಟೂ ಅದರ ತಾಕತ್ತು ಪರದೆಯ ಮೇಲೆ ಗೆರೆಯಾಗಿ ಏರುವುದನ್ನು ನೋಡುತ್ತ ಟ್ಯೂನ್ ಮಾಡುವುದು, ಡ್ಯಾಡ್ ಇಟ್ಸ್ ಜಸ್ಟ್ ಅ ಟ್ರೆಡ್‌ಮಿಲ್ ಎಂದಿದ್ದಳು ಮಗಳು ನಿರೀಕ್ಷಾ, ಅಪ್ಪನ ಇಡೀ ಜೀವನವನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು, ಸುಳ್ಳೇನಲ್ಲ, ಸಿಡ್ನಿಯಲ್ಲಿ ಅಷ್ಟು ವರ್ಷ ಓಡಿ, ಆ ಊರೇ ಬಿಟ್ಟು ದೂರದ ಟಾರ್ನೀಟಿನ ಈ ಶೆಡ್ಡಿಗೆ ಬಂದು ಮತ್ತೆ ಅದೇ ಗೋಡೆಯ ಎದುರು ಕೂತಿದ್ದಾನೆ — ಹೀಗೇ ಹಿಡಿದಿರು, ನಾನು ಫೋನ್ ಮಾಡುವ ತನಕ ಕಾಲು ತೆಗೆಯಬೇಡ ಎಂದು ಹೇಳಿ ಹೋಗಿದ್ದಾಳೆ ಹೆಲೆನ್, ಸದ್ದು ಅಳೆಯುವ ಇಂಜಿನಿಯರ್, ಕೌನ್ಸಿಲ್ಲಿನವರು ಅವಳ ಮಾತನ್ನಷ್ಟೇ ಒಪ್ಪುತ್ತಾರೆ, ಈಗ ಅವಳು ಹಿಂದಿನ ಬೇಲಿಯಾಚೆ ಶ್ರೀಪತಿ ಅಂಕಲ್ ಮನೆಯಲ್ಲಿದ್ದಾಳೆ, ಅವರ ಹೆಂಡತಿ ಜಾನಕಿ ಆಂಟಿ ಮಲಗುವ ಕೋಣೆಯಲ್ಲಿ, ಮಂಚದ ಪಕ್ಕ ನೆಲದ ಮೇಲೆ ತನ್ನ ಯಂತ್ರವಿಟ್ಟುಕೊಂಡು ಕೂತಿದ್ದಾಳೆ, ಆ ಯಂತ್ರ ಏನು ಹೇಳುತ್ತದೋ ಅದೇ ಇವತ್ತು ಧನರಾಜನ ಹಣೆಬರಹ. ಪಾಸಾದರೆ ಹೆಂಡತಿ ಸ್ವರ್ಣಲತಾ ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನ ಲ್ಯಾಬಿನ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಇಲ್ಲಿಗೇ ಬರುತ್ತಾಳೆ, ಆಗದಿದ್ದರೆ ಡೈನೋ ಬಂದ್, ಡೈನೋ ಇಲ್ಲದ ಟ್ಯೂನಿಂಗ್ ವರ್ಕ್‌ಶಾಪ್ ಎಂದರೆ ಆಯಿಲ್ ಬದಲಿಸುವ ಅಂಗಡಿ, ಆಗ ನೀವು ಶಟರ್ ಎಳೆದು ಬಂದುಬಿಡಿ, ಇನ್ನೊಂದು ಸಲ ನೋಡುವಾ ಅಂತ ಮಾತ್ರ ಹೇಳ್ಬೇಡಿ ಮಾರಾಯ್ರೆ, ನನ್ನಿಂದ ಆಗುದಿಲ್ಲ ಇನ್ನು — ಹಾಗೆ ಹೇಳುವಾಗ ಅವಳು ಅತ್ತಿರಲಿಲ್ಲ, ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಏನಾಗುತ್ತದೆಂದು ನೋಡಲು ಅವಳು ಬರುವ ವಿಮಾನ ಇವತ್ತೇ. ಮುಳ್ಳು ಅಲುಗಿತು, ಕಾಲನ್ನು ಸರಿಮಾಡಿಕೊಂಡ, ಕಣ್ಣು ಮುಚ್ಚಿದರೆ ಮೂರು ಬೆರಳು ಕಾಣುತ್ತವೆ, ಅರಿಶಿನ ಮೆತ್ತಿದ ಮೂರು ಬೆರಳು, ಅವು ಯಾಕೆ ಈಗ, ಬೇಡ, ಗೋಡೆ ನೋಡು.

ಫೋನ್ ಹೊಳೆಯಿತು, ಕಾಲು ತೆಗೆದ, ಉರುಳೆಗಳು ಗುಂಯ್ ಎಂದು ನಿಧಾನಕ್ಕೆ ಇಳಿಯುತ್ತಿವೆ, ಹೆಲೆನ್ ದನಿಯಲ್ಲಿ ಒಳ್ಳೆಯವರಿಗಿರುವ ಬೇಸರ, ಸಾರಿ ಡನ್ರಾಜ್, ಇಟ್ಸ್ ಸ್ಟಿಲ್ ದೇರ್, ಗಾಳಿಯಲ್ಲಿ ಏನೂ ಇಲ್ಲ, ಬೇಲಿಯ ಹತ್ತಿರ ನಿಂತರೆ ಹಕ್ಕಿ ಕೂಗುವುದು ಕೇಳುತ್ತದೆ, ಆದರೆ ನೆಲದೊಳಗಿಂದ ಬರುತ್ತಿದೆ, ನಿನ್ನ ಕೋಣೆ ಎಲ್ಲೋ ಒಂದು ಕಡೆ ಹೊರಗಿನದಕ್ಕೆ ತಾಗುತ್ತಿದೆ, ಹುಡುಕು, ನಾನು ಊಟ ಮುಗಿಸಿ ಬಂದು ಇನ್ನೊಂದೇ ಸಲ ಅಳೆಯುತ್ತೇನೆ, ಇವತ್ತೇ ಕೊನೆ. ತಾಗುತ್ತಿದೆ! ಎಲ್ಲಿ ತಾಗುತ್ತದೆ? ಎಲ್ಲೂ ತಾಗಬಾರದು ಎನ್ನುವ ಒಂದೇ ಮಾತಿನ ಮೇಲೆ ಅಲ್ಲವೇ ಇದನ್ನು ಕಟ್ಟಿದ್ದು — ಶೆಡ್ಡಿನೊಳಗೆ ಕೋಣೆ, ಆ ಕೋಣೆಯೊಳಗೆ ಇನ್ನೊಂದು ಕೋಣೆ, ಎರಡರ ನಡುವೆ ಕೈ ಹೋಗುವಷ್ಟು ಜಾಗ, ಅದರ ತುಂಬ ಸದ್ದು ನುಂಗುವ ರಾಕ್‌ವೂಲ್, ಮೈಗೆ ತಾಗಿದರೆ ತುರಿಸಿ ಸಾಯಬೇಕು, ಒಳಗಿನ ನೆಲ ಕಾಂಕ್ರೀಟಿನ ಮೇಲೆ ಕೂರದೆ ರಬ್ಬರ್ ದಿಂಡುಗಳ ಮೇಲೆ ನಿಂತಿದೆ, ಒಳಗಿನ ಒಂದು ಮೊಳೆಯೂ ಹೊರಗಿನ ಒಂದು ಮರಕ್ಕೂ ಸಿಕ್ಕಬಾರದು, ಸಿಕ್ಕಿದರೆ ಸದ್ದು ಆ ಒಂದೇ ಮೊಳೆಯನ್ನು ಹಿಡಿದು ದಾಟಿಕೊಂಡು ಹೋಗುತ್ತದೆ, ಪ್ರೀತಮನಿಗೆ ಎಷ್ಟು ಸಲ ಹೇಳಿದ್ದ, ಕಾರ್ಕಳದ ಪ್ರೀತಮ್, ಸಿಡ್ನಿಯ ಶೆಡ್ ಮುಚ್ಚಿದಾಗಲೂ ಬಿಟ್ಟು ಹೋಗದೆ ಜೊತೆಗೆ ಬಂದವನು, ಅವನು ಬೇಸತ್ತು ಹೇಳುತ್ತಿದ್ದ, ಧನಣ್ಣ, ನೀವು ಇದನ್ನು ಮಡಿಯಲ್ಲಿ ಕೂರಿಸಿದ್ದೀರಿ, ಮುಟ್ಟಿಸಿಕೊಳ್ಳುದೇ ಇಲ್ಲ. ಮುಗಿದ ದಿನ ಬಾಗಿಲು ಹಾಕಿ ಕಾರು ಓಡಿಸಿ ಹೊರಗೆ ನಿಂತರೆ ಏನೂ ಕೇಳಲಿಲ್ಲ, ಶ್ರೀಪತಿ ಅಂಕಲ್ ಬೇಲಿಯ ಮೇಲಿಂದ ಮುಖ ತೋರಿಸಿ ಕೈಮುಗಿದಿದ್ದರು, ದೂರು ಕೊಟ್ಟವರೂ ಅವರೇ, ಮೈಸೂರಿನ ನಿವೃತ್ತ ಪ್ರೊಫೆಸರು, ಈ ಕೈಗಾರಿಕಾ ರಸ್ತೆಯ ಬೆನ್ನಿಗೇ ಎದ್ದ ಹೊಸ ಬಡಾವಣೆಯಲ್ಲಿ ಮನೆ ತಗೊಂಡು ಸಿಕ್ಕಿಹಾಕಿಕೊಂಡವರು, ದೂರು ಕೊಟ್ಟ ಮಾರನೆಯ ದಿನ ಫ್ಲಾಸ್ಕಿನಲ್ಲಿ ಕಾಫಿ ತಂದು, ನೋಡಿಪ್ಪಾ ಧನರಾಜ್, ನಿಮ್ಮ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಇವಳಿಗೆ ಸ್ಟ್ರೋಕ್ ಆದಮೇಲೆ ರಾತ್ರಿ ನಿದ್ದೆ ಇಲ್ಲ, ಹಗಲು ಒಂದಿಷ್ಟು ಕಣ್ಣು ಮುಚ್ಚಿದರೆ ದಿಂಬಿನೊಳಗೆ ಗುಂಯ್‌ಗುಟ್ಟತ್ತೆ ಅಂತಾಳೆ, ಮಾತು ಬರಲ್ಲ ಅವಳಿಗೆ, ಬೆರಳಲ್ಲಿ ದಿಂಬು ತೋರಿಸ್ತಾಳೆ ಕಣ್ರೀ, ನಾನೇನು ಮಾಡಲಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾಫಿ ತಂದವರನ್ನು ಏನು ಮಾಡುವುದು, ಅದೂ ಅಷ್ಟು ಒಳ್ಳೆಯ ಕಾಫಿ. ಆಮೇಲೆ ಕೋಣೆ ಮುಗಿದು, ಒಂದಷ್ಟು ವಾರ ಎಲ್ಲ ಸರಿಯಿದ್ದು, ಆಂಟಿ ಮಲಗುತ್ತಿದ್ದಾಳೆ ಎನ್ನುವಷ್ಟರಲ್ಲಿ ಅಂಕಲ್ ಮತ್ತೆ ಬೇಲಿಯ ಹತ್ತಿರ ಬಂದು ನಿಂತರು, ಈ ಸಲ ಕಾಫಿ ಇರಲಿಲ್ಲ, ಶುರುವಾಗಿದೆ ಧನರಾಜ್, ಇವಳು ಮತ್ತೆ ದಿಂಬು ತೋರಿಸ್ತಿದಾಳೆ.

ಹುಡುಕು ಎಂದರೆ ಎಲ್ಲಿ ಹುಡುಕುವುದು, ದೊಡ್ಡ ಬಾಗಿಲಿನ ರಬ್ಬರ್ ನೋಡಿದ, ಎಕ್ಸಾಸ್ಟ್ ಪೈಪು ನೇತುಬಿದ್ದ ಸ್ಪ್ರಿಂಗ್ ನೋಡಿದ, ಗಾಳಿ ಕೊಳವೆಯ ಕ್ಯಾನ್ವಾಸ್, ವಯರು ಬರುವ ತೂತು, ಎಲ್ಲ ಬಿಡಿಬಿಡಿಯಾಗಿ ಚೆನ್ನಾಗಿಯೇ ಇವೆ, ಪ್ರೀತಮ್ ಟಾರ್ಚ್ ಹಿಡಿದು ಹಿಂದೆ ಹಿಂದೆ ಬರುತ್ತಿದ್ದಾನೆ, ಜನ ಓಡಾಡುವ ಸಣ್ಣ ಬಾಗಿಲಿನ ಹತ್ತಿರ ಬಂದಾಗ ಧನರಾಜ ಅದನ್ನು ದಾಟಿ ಮುಂದೆ ಹೋದ, ಅಲ್ಲೇನೂ ಇಲ್ಲ ಅಂದ, ಪ್ರೀತಮ್ ಟಾರ್ಚನ್ನು ಒಂದು ಗಳಿಗೆ ಅಲ್ಲೇ ಹಿಡಿದು ಆಮೇಲೆ ಹಿಂದೆ ಬಂದ. ಫೋನಿನಲ್ಲಿ ಸ್ವರ್ಣಲತಾ, ವಿಮಾನ ಹತ್ತಿದ್ವಿ, ಪಾಸಾಯ್ತಾ? ಉತ್ತರ ಬರೆಯಲು ಹೋಗಿ ಕೈ ನಿಂತಿತು. ಸಿಡ್ನಿಯಲ್ಲೂ ಹೀಗೇ ಒಂದು ಸಂಜೆ, ಅಕ್ಕಪಕ್ಕದವರ ಗಲಾಟೆಗೆ ಶೆಡ್ಡಿನ ಮಾಲೀಕ ಖಾಲಿ ಮಾಡಿ ಎಂದ ದಿನ, ಉಡುಪಿಯಿಂದ ದೊಡ್ಡಮ್ಮನ ಫೋನು, ಸ್ಪೀಕರಿನಲ್ಲಿತ್ತು, ಇವನು ಸ್ಪೀಕರ್ ಆರಿಸುವಷ್ಟರಲ್ಲಿ ಆಡಿ ಮುಗಿಸಿದ್ದರು, ಅವಳು ಕಾಲಿಟ್ಟ ಮೇಲೆ ಯಾವುದು ಉದ್ಧಾರ ಆಗಿದೆ ಹೇಳು ಮಗಾ, ಮದುವೆ ಆದ ವರ್ಷವೇ ನಿನ್ನಪ್ಪನನ್ನು ತಿಂದಳು, ಈಗ ಅಂಗಡಿ, ಎಲ್ಲ ಅವಳ ಕಾಲ್ಗುಣ. ಒಲೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದ ಸ್ವರ್ಣಲತಾ ತಿರುಗಲಿಲ್ಲ, ದೋಸೆ ತಿರುವಿದಳು, ಅಷ್ಟೆ, ಔಷಧಿ ಕಂಪೆನಿಯ ಲ್ಯಾಬಿನಲ್ಲಿ ಹತ್ತಾರು ಜನರಿಗೆ ಕೆಲಸ ಹೇಳುವವಳು, ಇಂಥದ್ದನ್ನೆಲ್ಲ ನಂಬುವವಳಲ್ಲ, ಆದರೆ ಆಮೇಲೆ ಯಾರ ಮನೆ ಗೃಹಪ್ರವೇಶಕ್ಕೂ ಮೊದಲು ಒಳಗೆ ಹೋಗುವವಳಲ್ಲ, ಬಾಗಿಲಲ್ಲಿ ನಿಂತು ಚಪ್ಪಲಿ ಬಿಚ್ಚುವ ನೆವದಲ್ಲಿ ಬೇರೆಯವರನ್ನು ಮುಂದೆ ಬಿಡುತ್ತಾಳೆ, ಪಾಯಿಂಟ್ ಕುಕ್‌ನ ಗೆಳತಿಯ ಮನೆಯಲ್ಲಿ ಧನರಾಜ ಅದನ್ನು ಕಣ್ಣಾರೆ ನೋಡಿದ್ದ. ಅಪ್ಪನನ್ನು ತಿಂದಳಂತೆ! ಅಪ್ಪ ಕಾಂತಪ್ಪ, ಬಸ್ ಕಂಪೆನಿಯ ಮೆಕ್ಯಾನಿಕ್, ಕೈಯ ಗ್ರೀಸ್ ಯಾವ ಸೋಪಿಗೂ ಹೋಗದವನು, ಸಾಯುವ ಮೊದಲು ಮಗನನ್ನು ಬಿಟ್ಟು ಸೊಸೆಯ ಕೈಯಲ್ಲೇ ತನ್ನ ಪಿನ್ ಇಟ್ಟಿದ್ದ, ತಾನೊಬ್ಬನೇ ಬಿಚ್ಚಿ ಕಟ್ಟಿದ ಮೊದಲ ಬಸ್ ಇಂಜಿನ್ನಿನ ಪಿಸ್ಟನ್ ಪಿನ್ನು, ಹೆಬ್ಬೆರಳು ದಪ್ಪದ ಗಟ್ಟಿ ಉಕ್ಕು, ಸವೆದುಹೋಯಿತೆಂದು ತೆಗೆದದ್ದನ್ನು ಬಿಸಾಡದೆ ದೇವರ ಹತ್ತಿರ ಇಟ್ಟುಕೊಂಡು ಪ್ರತಿ ಆಯುಧಪೂಜೆಗೆ ಕುಂಕುಮ ಹಚ್ಚುತ್ತಿದ್ದ, ನಿನ್ನ ಹತ್ರ ಇರಲಿ ಮಗಳೇ, ಇವನು ಕಳೆದು ಹಾಕ್ತಾನೆ.

ಇಲ್ಲ, ಅದಲ್ಲ, ಅದು ಹೇಗೆ ಆಗುತ್ತದೆ, ಪ್ರೀತಮ್ ನೀನು ಹತ್ತು, ನಿಧಾನಕ್ಕೆ ಓಡಿಸು, ನಾನು ಕೇಳುತ್ತೇನೆ, ಎಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡ, ಅಪ್ಪನ ವಿದ್ಯೆ, ತುದಿಯನ್ನು ಲೋಹಕ್ಕೆ ಒತ್ತಿ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರೆ ಇಂಜಿನ್ನಿನ ಯಾವ ಮೂಲೆಯ ರೋಗವೂ ಕೇಳುತ್ತದೆ, ಹೊರಗಿನ ಗೋಡೆಗೆ ಒತ್ತಿದ, ಏನಿಲ್ಲ, ಮೂಲೆಯ ಕಂಬಕ್ಕೆ ಒತ್ತಿದ, ಏನಿಲ್ಲ, ಶೆಡ್ಡಿನ ಕಾಂಕ್ರೀಟ್ ನೆಲದ ಮೇಲೆ ಮಂಡಿಯೂರಿ ಒಂದೊಂದೇ ಮಾರು ದೂರ ಒತ್ತುತ್ತ ಬಂದ, ಇಲ್ಲಿ ಸ್ವಲ್ಪ, ಇಲ್ಲಿ ಜಾಸ್ತಿ, ಇನ್ನೂ ಜಾಸ್ತಿ, ತೆವಳುತ್ತ ತೆವಳುತ್ತ ಎಲ್ಲಿಗೆ ಬರುತ್ತಿದ್ದೇನೆ ಎಂದು ಅವನಿಗೆ ಗೊತ್ತು, ಗೊತ್ತಿದ್ದೂ ತಲೆಯೆತ್ತದೆ ಬಂದ, ಸಣ್ಣ ಬಾಗಿಲಿನ ಹೊಸ್ತಿಲ ಬುಡದಲ್ಲಿ ತುದಿ ಒತ್ತಿದಾಗ ತಲೆಬುರುಡೆಯೊಳಗೆ ಇಡೀ ಇಂಜಿನ್ ಗುಂಯ್ ಎಂದಿತು. ದೇವರೇ. ಅದೊಂದು ಶನಿವಾರ, ಚೌಕಟ್ಟು ಕೂರಿಸುವ ದಿನ, ಸ್ವರ್ಣಲತಾ ಸಿಡ್ನಿಯಿಂದ ಒಂದೇ ಬ್ಯಾಗಿನಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ ಎಲ್ಲ ತಂದಿದ್ದಳು, ಬಾಗಿಲು ಅಂದಮೇಲೆ ಹೊಸ್ತಿಲಡಿ ಏನಾದ್ರೂ ಇಡ್ಬೇಕಲ್ಲ ಮಾರಾಯ್ರೆ, ಪಂಚಲೋಹ ಇಡ್ತಾರೆ, ಬೆಳ್ಳಿ ಇಡ್ತಾರೆ, ಹಾಗೇ ಖಾಲಿ ಬಿಡ್ತಾರಾ? ಅಗೆದು ಇಡಲು ಇಲ್ಲಿ ಮಣ್ಣೆಲ್ಲಿದೆ ಎಂದು ಇವನು ನಕ್ಕಿದ್ದ, ಪೂರ್ತಿ ಕಾಂಕ್ರೀಟು, ಅವಳು ಬಗ್ಗಿ ನೋಡಿ, ಇಲ್ಲಿ ಉಂಟಲ್ಲ ಜಾಗ ಎಂದಳು, ಒಳಕೋಣೆಯ ಹೊಸ್ತಿಲ ಉಕ್ಕಿಗೂ ಕೆಳಗಿನ ಕಾಂಕ್ರೀಟಿಗೂ ನಡುವೆ ಬಿಟ್ಟ ಸಂದು, ಎಲ್ಲೂ ತಾಗಬಾರದೆಂದು ಬಿಟ್ಟ ಸಂದು, ಕೆಂಪು ಬಟ್ಟೆಯಲ್ಲಿ ಸುತ್ತಿದ ಅಪ್ಪನ ಪಿನ್ ತೆಗೆದಳು, ಕೊಡು ನಾನು ಇಡ್ತೇನೆ ಎಂದರೆ ಕೊಡಲಿಲ್ಲ, ಇದನ್ನು ನಾನೇ ಇಡುದು, ಈ ಸಲ ಆದ್ರೆ ನನ್ನ ಕೈಯಿಂದ ಆದ ಹಾಗೆ, ಎಂದು ಆ ಮೂರು ಬೆರಳಲ್ಲಿ ಹಿಡಿದು ಒಳಗೆ ತಳ್ಳಿದಳು, ಹಾಯಾಗಿ ಹೋಯಿತು, ಮೇಲೆ ಕೂದಲೆಳೆಯಷ್ಟು ಜಾಗ ಉಳಿದಿತ್ತು, ಇವನೇ ಟಾರ್ಚ್ ಹಿಡಿದು ನೋಡಿ ತಾಗುವುದಿಲ್ಲ ಬಿಡು ಎಂದಿದ್ದ, ಇವನೇ, ಇಷ್ಟೆಲ್ಲ ತಿಳಿದವನು, ರಬ್ಬರ್ ಭಾರ ಬಿದ್ದ ಹಾಗೆ ಕೂತುಕೊಳ್ಳುತ್ತದೆ ಎನ್ನುವುದನ್ನು ಆ ಒಂದು ಗಳಿಗೆ ಮರೆತವನು. ಕೂತುಕೊಂಡಿದೆ. ವಾರವಾರವೂ ಕಾರು ಹತ್ತಿ ಇಳಿದು, ಒಳಗಿನ ಕೋಣೆ ಕೂದಲೆಳೆಯಷ್ಟು ಇಳಿದು ಪಿನ್ನಿನ ಮೇಲೆ ಬಂದು ಕೂತಿದೆ, ಇಡೀ ಕೋಣೆಯ ಸದ್ದು ಸ್ವರ್ಣಲತಾ ಇಟ್ಟ ಹೆಬ್ಬೆರಳು ದಪ್ಪದ ಉಕ್ಕನ್ನು ಹಿಡಿದು ಇಳಿದು, ನೆಲದೊಳಗೆ ಹರಿದು, ಬೇಲಿ ದಾಟಿ, ಜಾನಕಿ ಆಂಟಿಯ ದಿಂಬಿನೊಳಗೆ ಹೋಗಿ ಸೇರುತ್ತಿದೆ. ಸಾಕು ನಿಲ್ಲಿಸು ಎಂದು ಕೂಗಿದ, ಪ್ರೀತಮನಿಗೆ ಕೇಳಲಿಲ್ಲ, ಎದ್ದು ಹೋಗಿ ಕಾರಿನ ಗಾಜು ಬಡಿದ.

ತೆಗೆಯುವುದು ಎಷ್ಟರ ಕೆಲಸ, ವರ್ಕ್‌ಶಾಪಿನಲ್ಲಿ ಜ್ಯಾಕಿಗೇನು ಬರ, ಹೊಸ್ತಿಲಿಗೆ ಒಂದು ಕೊಟ್ಟು ನಾಲ್ಕು ಸಲ ಒತ್ತಿದರೆ ಪಿನ್ ಸಡಿಲವಾಯಿತು, ಎರಡು ಬೆರಳಲ್ಲಿ ಎಳೆದ, ಕೆಂಪು ಬಟ್ಟೆ ಒಂದು ಕಡೆ ಸವೆದು ತೂತಾಗಿದೆ, ಆ ತೂತಿನಲ್ಲಿ ಉಕ್ಕು ಹೊಳೆಯುತ್ತಿದೆ, ಅಂಗೈಯಲ್ಲಿ ಇಟ್ಟುಕೊಂಡರೆ ಇನ್ನೂ ಅರಿಶಿನದ ವಾಸನೆ, ಈಗ ಅವಳಿಗೆ ಏನು ಹೇಳುವುದು, ನಿನ್ನ ಕೈಯಿಂದಲೇ ಆದದ್ದು ಎಂದೇ, ಹೌದು, ನಿನ್ನ ಕೈಯಿಂದಲೇ ಆದದ್ದು ಸ್ವರ್ಣಾ, ಸದ್ದು ದಾಟಿದ್ದು ನಿನ್ನ ಪಿನ್ನಿನಿಂದ — ಆ ಮಾತಿನ ಅರ್ಧ ಬಾಯಿಗೆ ಬರುವ ಮೊದಲೇ ಅವಳು ಉಳಿದರ್ಧವನ್ನು ಕೇಳಿಸಿಕೊಂಡಿರುತ್ತಾಳೆ, ದೊಡ್ಡಮ್ಮನ ದನಿಯಲ್ಲಿ, ಮತ್ತೆ ಒಲೆಯ ಹತ್ತಿರ ಬೆನ್ನು ಹಾಕಿ ನಿಲ್ಲುತ್ತಾಳೆ, ಮತ್ತೆ ಯಾವತ್ತೂ ತಿರುಗುವುದಿಲ್ಲ. ತಪ್ಪು ಅವಳದಲ್ಲ, ಟಾರ್ಚ್ ಹಿಡಿದು ಬಿಡು ಎಂದವನದು, ಆದರೆ ಅದನ್ನು ಯಾರು ನಂಬುತ್ತಾರೆ, ಅವಳೇ ನಂಬುವುದಿಲ್ಲ. ತಿರುಗಿ ಅಲ್ಲೇ ಇಡೋಣ ಎಂದರೆ ಕೋಣೆ ಮತ್ತೆ ಕೂರುತ್ತದೆ. ತೆಳ್ಳಗೆ ಮಾಡಿ ಇಟ್ಟರೆ? ಗ್ರೈಂಡರ್ ಕೈಗೆ ತಗೊಂಡ, ಸ್ವಿಚ್ ಹಾಕಿದ, ಕಿಡಿ ಏಳುವ ಮೊದಲೇ ಅಪ್ಪನ ಕೈ ನೆನಪಾಯಿತು, ಗ್ರೀಸ್ ಹೋಗದ ಆ ಕೈ, ಸ್ವಿಚ್ ಆರಿಸಿದ, ಆಗಲ್ಲ, ಇದೊಂದು ಆಗಲ್ಲ. ಪ್ರೀತಮ್ ನೋಡುತ್ತ ನಿಂತಿದ್ದವನು ಮೆಲ್ಲಗೆ, ಧನಣ್ಣ, ಅತ್ತಿಗೆಗೆ ಹೇಳ್ತೀರಾ ಎಂದ, ನೀನು ಬಾಯಿ ಮುಚ್ಚು ಎಂದ ಧನರಾಜ, ಅವನಿಗೆ ಹೇಳಿದ್ದೋ ತನಗೆ ಹೇಳಿಕೊಂಡದ್ದೋ, ಮೂಲೆಯಲ್ಲಿ ಬಿದ್ದಿದ್ದ ರಬ್ಬರ್ ದಿಂಡಿನ ತುಂಡನ್ನು ಕತ್ತರಿಸಿದ, ಪಿನ್ನಿನಷ್ಟೇ ಉದ್ದ, ಪಿನ್ನಿನಷ್ಟೇ ದಪ್ಪ, ಅದೇ ಕೆಂಪು ಬಟ್ಟೆಯಲ್ಲಿ ತೂತು ಕೆಳಗೆ ಬರುವ ಹಾಗೆ ಸುತ್ತಿ, ಅದೇ ದಾರ ಕಟ್ಟಿ, ಅದೇ ಸಂದಿಗೆ ತಳ್ಳಿ ಜ್ಯಾಕ್ ಇಳಿಸಿದ. ಅವಳು ಬಗ್ಗಿ ನೋಡಿದರೆ ಕಾಣಬೇಕಲ್ಲ, ಕೆಂಪು ಕಂಡರೆ ಸಾಕು ಅವಳಿಗೆ. ಪಿನ್ನನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ, ತೊಡೆಗೆ ಒತ್ತುತ್ತಿದೆ, ಭಾರ.

ಮತ್ತೆ ಸೀಟು, ಮತ್ತೆ ಗೋಡೆ, ಮತ್ತೆ ಮುಳ್ಳು ನೂರ ನಲವತ್ತು, ಬೇಲಿಯಾಚೆ ಹೆಲೆನ್ ನೆಲದ ಮೇಲೆ ಕೂತಿದ್ದಾಳೆ, ಜೇಬಿನಲ್ಲಿ ಅಪ್ಪ, ಆಕಾಶದಲ್ಲಿ ಹೆಂಡತಿ ಮಗಳು, ಇಲ್ಲ, ಈ ಹೊತ್ತಿಗೆ ಟಲ್ಲಮರೀನ್ ಏರ್‌ಪೋರ್ಟಿನಲ್ಲಿ ಇಳಿದಿರಬೇಕು, ಊಬರ್ ಹತ್ತಿರಬೇಕು, ಆಗಲಿ ದೇವರೇ, ಆಗದಿರಲಿ ದೇವರೇ — ಛೆ, ಏನು ಕೇಳುತ್ತಿದ್ದೇನೆ, ಆಗದಿದ್ದರೆ ಪಿನ್ನಿನದು ತಪ್ಪಲ್ಲ ಎಂದಾಗುತ್ತದೆ, ಅವಳ ಕೈಯದ್ದು ಅಲ್ಲ ಎಂದಾಗುತ್ತದೆ, ಆದರೆ ಶಟರ್ ಎಳೆದು ಹೋಗಬೇಕು, ಪಾಸಾದರೆ ಅವಳು ಬರುತ್ತಾಳೆ, ಬಂದು ಆ ಹೊಸ್ತಿಲನ್ನು ದಿನಾ ದಾಟುತ್ತಾಳೆ, ಯಾವುದನ್ನು ಕೇಳುವುದು, ಯಾವ ಬಾಯಲ್ಲಿ ಕೇಳುವುದು, ಕಣ್ಣಲ್ಲಿ ನೀರು ಬಂತು, ಒರೆಸಲು ಕೈ ಇಲ್ಲ, ಸ್ಟೀರಿಂಗ್ ಬಿಡುವ ಹಾಗಿಲ್ಲ. ಫೋನ್. ಹೆಲೆನ್ ನಗುತ್ತಿದ್ದಾಳೆ, ಇಟ್ಸ್ ಗಾನ್, ಡನ್ರಾಜ್, ಇಲ್ಲಿ ಏನೂ ಇಲ್ಲ, ಏನು ಮಾಡಿದೆ ನೀನು? ಅವಳ ಹಿಂದಿನಿಂದ ಶ್ರೀಪತಿ ಅಂಕಲ್ ದನಿ, ಪಿಸುಪಿಸು, ಮಲಗಿಬಿಟ್ಟಿದಾಳೆ ಕಣಪ್ಪಾ, ಬಾಯಿ ತೆಗೆದುಕೊಂಡು ಮಲಗಿದಾಳೆ, ನೂರು ವರ್ಷ ಬಾಳಿ ನೀವು, ನಿಮ್ಮಾಕೆ ಬಂದಮೇಲೆ ಇಬ್ಬರೂ ಊಟಕ್ಕೆ ಬರಬೇಕು. ಖುಷಿಯಾಗಬೇಕಿತ್ತು, ಆಯಿತು ಕೂಡ, ಬಾಯಿ ತೆರೆದು ಮಲಗಿದ ಆ ಮುದುಕಿಯನ್ನು ನೆನೆದು ಮನಸಾರೆ ಖುಷಿಯಾಯಿತು, ಆಮೇಲೆ ಅವನು ಸ್ವರ್ಣಲತಾಗೆ ಒಂದೇ ಪದ ಕಳಿಸಿದ, ಪಾಸ್, ಕಳಿಸಿಯಾದ ಮೇಲೂ ಬೆರಳು ಆ ಪದದ ಮೇಲೆಯೇ ಇತ್ತು.

ಊಬರ್ ಬಾಗಿಲು ಬಡಿದ ಸದ್ದು, ಡ್ಯಾಡ್! ಎನ್ನುತ್ತ ನಿರೀಕ್ಷಾ ಓಡಿ ಬಂದಳು, ಎಷ್ಟು ಎತ್ತರವಾಗಿದ್ದಾಳೆ, ದೊಡ್ಡ ಬಾಗಿಲಿನಿಂದ ಒಳಗೆ ನುಗ್ಗಿ ಕೋಣೆಯ ನಡುವೆ ನಿಂತು ಕಿವಿ ಮುಚ್ಚಿ ತೆಗೆದು, ಓಹ್ ಮೈ ಗಾಡ್ ಇಟ್ಸ್ ಸೋ ಕ್ವಯೆಟ್, ಐ ಕ್ಯಾನ್ ಹಿಯರ್ ಮೈ ಟಮ್ಮಿ, ಪ್ರೀತಮ್ ನಕ್ಕ, ಧನರಾಜನೂ ನಕ್ಕ, ಜೇಬಿನ ಮೇಲೆ ಕೈಯಿಟ್ಟುಕೊಂಡು. ಸ್ವರ್ಣಲತಾ ಸಣ್ಣ ಬಾಗಿಲ ಹೊರಗೆ ಚಪ್ಪಲಿ ಬಿಚ್ಚುತ್ತಿದ್ದಾಳೆ, ಈ ಸಲ ನೆವಕ್ಕಲ್ಲ, ಎರಡನ್ನೂ ಜೋಡಿಸಿಟ್ಟು, ಸೆರಗಿಲ್ಲದಿದ್ದರೂ ದುಪಟ್ಟಾ ತಲೆಗೆ ಎಳೆದುಕೊಂಡು, ಬಲಗಾಲು ಮುಂದಿಟ್ಟು ದಾಟಿ ಬಂದಳು, ಯಾರನ್ನೂ ಮುಂದೆ ಬಿಡಲಿಲ್ಲ, ಇಷ್ಟು ವರ್ಷಗಳಲ್ಲಿ ಈ ಮುಖವನ್ನು ಅವನು ನೋಡಿಯೇ ಇರಲಿಲ್ಲ, ಈಗ್ಲೇ ನಿಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿ ಮಾರಾಯ್ರೆ, ಯಾರ ಕೈಯಿಂದ ಆದದ್ದು ಅಂತ ಹೇಳಿ, ಇಲ್ಲ, ಬೇಡ, ನಾನೇ ಮಾಡ್ತೇನೆ, ನಾನೇ ಹೇಳ್ತೇನೆ ಅವರಿಗೆ. ಹೇಳು, ಈಗ ಹೇಳು, ಧನರಾಜಾ, ಬಾಯಿ ತೆಗೆ — ಕೆಲಸ ಬಿಡುವ ಪತ್ರ ಊಬರಿನಲ್ಲೇ ಕಳಿಸಿ ಆಯ್ತು, ಇನ್ನು ಅಲ್ಲಿ ಏನಿದ್ರೂ ಸಾಮಾನು ಕಟ್ಟುದು ಮಾತ್ರ ಎನ್ನುತ್ತ ಅವಳು ಬ್ಯಾಗಿನಿಂದ ಸಣ್ಣ ಡಬ್ಬಿ ತೆಗೆದಳು, ಬಾಟಲಿಯಿಂದ ನಾಲ್ಕು ಹನಿ ನೀರು, ಅರಿಶಿನ ಕಲಸಿದಳು, ಹೊಸ್ತಿಲಿಗೆ ಉದ್ದಕ್ಕೆ ಎಳೆದಳು, ಕುಂಕುಮ ಇಟ್ಟಳು, ಆಮೇಲೆ ದಾಟಿ ಹೊರಗೆ ಬಂದು ಮಂಡಿಯೂರಿ ಬಗ್ಗಿದಳು, ಮಾವನಿಗೂ ಒಂದು ಬೊಟ್ಟು ಇಟ್ಟುಬಿಡ್ತೇನೆ. ಸ್ವರ್ಣಾ, ಎಂದ. ತಡೀರಿ, ಎಂದಳು. ಕೋಣೆ ಎಷ್ಟು ಸದ್ದಿಲ್ಲದೆ ಇದೆ ಎಂದರೆ ಅವಳ ಬಳೆ ಕಾಂಕ್ರೀಟಿಗೆ ತಾಗಿದ್ದು ಕೇಳುತ್ತದೆ, ಹೊಸ್ತಿಲಡಿಯ ಕತ್ತಲಿಗೆ ಮೂರು ಬೆರಳು ಹೋದವು, ಹಳದಿ, ಒದ್ದೆ, ತಡಕಾಡಿದವು, ಬಟ್ಟೆ ಸಿಕ್ಕಿತು, ಇದೆ, ಇಲ್ಲೇ ಇದೆ ಎಂದು ತಲೆಯೆತ್ತಿ ಅವನನ್ನು ನೋಡಿ ನಕ್ಕಳು, ಅವನ ಜೇಬಿನಲ್ಲಿ ಉಕ್ಕು ತೊಡೆಗೆ ಒತ್ತುತ್ತಿದೆ, ಬೊಟ್ಟು ಇಡಲು ಬೆರಳು ಒತ್ತಿದಳು, ಒತ್ತಿದ್ದು ತಗ್ಗಿತು. ಬೆರಳು ನಿಂತವು. ಇನ್ನೊಮ್ಮೆ ಒತ್ತಿದವು. ನಗು ಇನ್ನೂ ಅವಳ ಮುಖದಲ್ಲೇ ಇದೆ, ಕಣ್ಣು ಅವನ ಮೇಲೆಯೇ ಇದೆ, ಕೆಳಗೆ ಕೆಂಪು ಬಟ್ಟೆಯ ಮೇಲೆ ಮೂರು ಬೆರಳು, ಮೆತ್ತಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಅರಿಶಿನ ಮೆತ್ತಿದ ಮೂರು ಬೆರಳು.